ಕಾಸ್ಟ್‌ಕೋದಲ್ಲಿ ಟಿವಿ ಕೊಳ್ಳುವವರಿಗೆ: ಆಯ್ಕೆ ಮನೆಯಲ್ಲಿ, ಖರೀದಿ ಗೋದಾಮಿನಲ್ಲಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹೊಸ ಟಿವಿಯ ಮಾತು ಬಂದಾಗ ಬಹುಮಟ್ಟಿಗೆ ಮೊದಲು ಕೇಳಿಬರುವ ಹೆಸರು ಕಾಸ್ಟ್‌ಕೋ. ಹಾಲು, ತರಕಾರಿ, ಎಣ್ಣೆ ಎಂದು ವಾರದ ಸಾಮಾನಿಗೆ ಹೋದವರಿಗೆ ಬಾಗಿಲು ದಾಟಿದ ಕೂಡಲೇ ಸಾಲಾಗಿ ಬೆಳಗುವ ದೊಡ್ಡ ಪರದೆಗಳು ಕಾಣುತ್ತವೆ. ಬೆಲೆಯೂ ಕೈಗೆಟುಕುವಂತೆ ತೋರುತ್ತದೆ. ಯೋಚಿಸುವಷ್ಟರಲ್ಲಿ ಪೆಟ್ಟಿಗೆ ಗಾಡಿ ಏರಿರುತ್ತದೆ. ಇಂಥ ಸದಸ್ಯತ್ವದ ಗೋದಾಮು ಮಳಿಗೆಯಲ್ಲಿ ಟಿವಿ ಕೊಳ್ಳುವುದು ಒಳ್ಳೆಯ ನಿರ್ಧಾರವೆಂದೇ ನಾನು ನಂಬಿದ್ದೇನೆ. ಆದರೆ ಯಾವ ಟಿವಿ ಎಂಬುದನ್ನು ಅಲ್ಲಿ ನಿಂತು ತೀರ್ಮಾನಿಸಬಾರದು. ಆ ತೀರ್ಮಾನಕ್ಕೆ ಬೇಕಾದ ಅಳತೆ, ಬೆಳಕು, ನೋಡುವವರ ಅಭ್ಯಾಸ ಎಲ್ಲವೂ ಇರುವುದು ಮನೆಯಲ್ಲಿ. ಹಾಗೆಯೇ ಕೊಂಡ ಟಿವಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಸಾಧ್ಯವಾಗುವುದೂ ಮನೆಯಲ್ಲಿಯೇ. ಈ ಬರಹ ಆ ಕ್ರಮದಲ್ಲಿಯೇ ಸಾಗುತ್ತದೆ.

ಗೋದಾಮು ನಿಜವಾಗಿ ಕೊಡುವುದೇನು

ಕಾಸ್ಟ್‌ಕೋದ ಮೊದಲ ಗೋದಾಮು 1983ರಲ್ಲಿ ಸಿಯಾಟಲ್‌ನಲ್ಲಿ ತೆರೆಯಿತು. ಅದಕ್ಕೂ ಮೊದಲು, 1976ರಲ್ಲಿ, ಸ್ಯಾನ್ ಡಿಯಾಗೋದಲ್ಲಿ ಆರಂಭವಾಗಿದ್ದ ಪ್ರೈಸ್ ಕ್ಲಬ್ 1993ರಲ್ಲಿ ಅದರೊಂದಿಗೆ ಒಂದಾಯಿತು. ವ್ಯವಹಾರದ ತತ್ತ್ವ ಆಗಿನಿಂದಲೂ ಒಂದೇ: ಕಡಿಮೆ ಬಗೆಯ ಸರಕು, ತೆಳುವಾದ ಲಾಭಾಂಶ, ಉಳಿದದ್ದಕ್ಕೆ ವಾರ್ಷಿಕ ಸದಸ್ಯತ್ವದ ಹಣ. ಒಂದು ಗೋದಾಮಿನಲ್ಲಿ ಸುಮಾರು 4,000 ಬಗೆಯ ವಸ್ತುಗಳಷ್ಟೇ ಇರುತ್ತವೆ. ದೊಡ್ಡ ಸೂಪರ್ ಮಾರ್ಕೆಟ್ ಒಂದರಲ್ಲಿ ಇದರ ಹಲವು ಪಟ್ಟು ಇರುತ್ತದೆ. ಹಾಗಾಗಿ ಟಿವಿಯಲ್ಲಿಯೂ ಅಲ್ಲಿ ಸಿಗುವುದು ಯಾರೋ ಈಗಾಗಲೇ ಸೋಸಿಟ್ಟ ಪಟ್ಟಿ. ಇದು ಒಂದು ಅನುಕೂಲ, ಏಕೆಂದರೆ ಗೊಂದಲ ಕಡಿಮೆ. ಒಂದು ಮಿತಿಯೂ ಹೌದು, ಏಕೆಂದರೆ ನಿಮ್ಮ ಮನೆಗೆ ಅತ್ಯಂತ ಹೊಂದುವ ಮಾದರಿ ಆ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು.

ಬೆಲೆಯ ವಿಷಯದಲ್ಲಿ ಕಾಸ್ಟ್‌ಕೋ ಯಾವಾಗಲೂ ಎಲ್ಲರಿಗಿಂತ ಅಗ್ಗವಾಗಿರುವುದಿಲ್ಲ. ಬೆಸ್ಟ್ ಬೈ, ಅಮೆಜಾನ್, ವಾಲ್‌ಮಾರ್ಟ್ ಸಮೂಹದ ಸ್ಯಾಮ್ಸ್ ಕ್ಲಬ್ ಇವುಗಳ ಬೆಲೆ ಎಷ್ಟೋ ಸಲ ಅದೇ ಡಾಲರಿಗೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಇರುವುದು ಕೊಂಡ ನಂತರದ ದಿನಗಳಲ್ಲಿ. ಟಿವಿಯನ್ನು 90 ದಿನಗಳೊಳಗೆ ಹಿಂದಿರುಗಿಸಬಹುದು. ತಯಾರಕರು ಸಾಮಾನ್ಯವಾಗಿ ಕೊಡುವ ಒಂದು ವರ್ಷದ ವಾರಂಟಿಯನ್ನು ಕಾಸ್ಟ್‌ಕೋ ತಾನಾಗಿ ಎರಡು ವರ್ಷಕ್ಕೆ ವಿಸ್ತರಿಸುತ್ತದೆ. ಇದಕ್ಕೆ ಬೇರೆ ಹಣವಿಲ್ಲ. ಟಿವಿಯನ್ನು ಜೋಡಿಸುವಾಗ ತೊಡಕಾದರೆ ಫೋನಿನಲ್ಲಿ ಉಚಿತ ತಾಂತ್ರಿಕ ನೆರವು ಸಿಗುತ್ತದೆ. ಕೊಂಡ 30 ದಿನಗಳೊಳಗೆ ಕಾಸ್ಟ್‌ಕೋ ತಾನೇ ಅದೇ ವಸ್ತುವಿನ ಬೆಲೆ ಇಳಿಸಿದರೆ ಕೇಳಿದವರಿಗೆ ವ್ಯತ್ಯಾಸದ ಹಣವನ್ನು ಮರಳಿಸುತ್ತದೆ. ಬೇರೆ ಅಂಗಡಿಯ ಬೆಲೆಗೆ ಸರಿಗಟ್ಟುವ ಪದ್ಧತಿ ಮಾತ್ರ ಅಲ್ಲಿಲ್ಲ. ಈ ಕಾರಣಕ್ಕೆ, ಬೇರೆಡೆ 20 ಡಾಲರ್ ಕಡಿಮೆ ಇದ್ದರೂ ನಾನು ಗೋದಾಮಿನ ಕಡೆಗೇ ವಾಲುತ್ತೇನೆ.

2007ಕ್ಕೆ ಮೊದಲು ಅಲ್ಲಿ ಟಿವಿ ಹಿಂದಿರುಗಿಸಲು ಕಾಲಮಿತಿಯೇ ಇರಲಿಲ್ಲ. ವರ್ಷಗಟ್ಟಲೆ ಬಳಸಿದ ಟಿವಿಯನ್ನು ಮರಳಿಸಿ ಹೊಸದನ್ನು ಒಯ್ಯುವವರು ಹೆಚ್ಚಾದಾಗ 90 ದಿನಗಳ ಗಡಿ ಬಂತು. ಆ ಹಳೆಯ ಉದಾರತೆಯ ಕಥೆ ಇಂದಿಗೂ ನಮ್ಮವರ ನಡುವೆ ಸುತ್ತುತ್ತಿರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ: ಉಡುಪಿಗೂ ಪಾತ್ರೆಗೂ ಇರುವ ಧಾರಾಳ ನಿಯಮ ಟಿವಿಗೆ ಅನ್ವಯಿಸುವುದಿಲ್ಲ.

ಸದಸ್ಯತ್ವಕ್ಕೆ 2024ರ ಸೆಪ್ಟೆಂಬರಿನಿಂದ ಸಾಮಾನ್ಯ ದರ ವರ್ಷಕ್ಕೆ 65 ಡಾಲರ್, ಎಕ್ಸಿಕ್ಯೂಟಿವ್ ದರ್ಜೆಗೆ 130 ಡಾಲರ್. ಎರಡನೆಯದರಲ್ಲಿ ಖರೀದಿಯ ಶೇ 2ರಷ್ಟು ವರ್ಷದ ಕೊನೆಗೆ ಮರಳುತ್ತದೆ. ಕೇವಲ ಒಂದು ಟಿವಿಗಾಗಿ ಸದಸ್ಯರಾಗುವುದು ಲಾಭವೋ ಎಂಬ ಲೆಕ್ಕ ಸುಲಭ: ಎರಡನೆಯ ವರ್ಷದ ವಾರಂಟಿಯನ್ನು ಬೇರೆ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡರೆ ಎಷ್ಟಾಗುತ್ತದೆ ಎಂದು ನೋಡಿ, 65 ಡಾಲರಿನ ಎದುರು ಇಡಿ. ಅಮೆರಿಕದ ಗೋದಾಮುಗಳಲ್ಲಿ ಕ್ರೆಡಿಟ್ ಕಾರ್ಡ್ ಎಂದರೆ ವೀಸಾ ಮಾತ್ರ ಎಂಬುದನ್ನು ಹೊಸಬರು ನೆನಪಿಡಬೇಕು. ಡೆಬಿಟ್ ಕಾರ್ಡ್ ಮತ್ತು ನಗದು ನಡೆಯುತ್ತದೆ.

ಅಳತೆಪಟ್ಟಿ ಹಿಡಿದು ಕೋಣೆಯಲ್ಲಿ

ಮೊದಲು ಅಳೆಯಬೇಕಾದದ್ದು ಗೋಡೆಯನ್ನಲ್ಲ, ಸೋಫಾದಿಂದ ಪರದೆಯವರೆಗಿನ ದೂರವನ್ನು. ಪರದೆ ನಮ್ಮ ಕಣ್ಣಿಗೆ ಸುಮಾರು 30ರಿಂದ 40 ಡಿಗ್ರಿ ಅಗಲವಾಗಿ ಕಂಡರೆ ಚಿತ್ರ ಆವರಿಸಿದಂತೆಯೂ ಇರುತ್ತದೆ, ಕುತ್ತಿಗೆಗೂ ಆಯಾಸವಾಗುವುದಿಲ್ಲ ಎಂಬುದು ಚಿತ್ರಮಂದಿರ ಕಟ್ಟುವವರು ಬಳಸುವ ಲೆಕ್ಕಾಚಾರ. ಟಿವಿಯ ಅಳತೆ ಎಂದರೆ ಮೂಲೆಯಿಂದ ಮೂಲೆಗೆ ಇಂಚುಗಳಲ್ಲಿ. ಆ ಇಂಚನ್ನು 1.2ರಿಂದ ಗುಣಿಸಿದರೆ 40 ಡಿಗ್ರಿಯ ದೂರ, 1.6ರಿಂದ ಗುಣಿಸಿದರೆ 30 ಡಿಗ್ರಿಯ ದೂರ ಸಿಗುತ್ತದೆ. ಇದರ ಪ್ರಕಾರ 55 ಇಂಚಿನ ಟಿವಿಗೆ ಸುಮಾರು ಐದೂವರೆಯಿಂದ ಏಳೂವರೆ ಅಡಿ, 65 ಇಂಚಿಗೆ ಆರೂವರೆಯಿಂದ ಒಂಬತ್ತು ಅಡಿಯ ಒಳಗೆ, 75 ಇಂಚಿಗೆ ಏಳೂವರೆಯಿಂದ ಹತ್ತು ಅಡಿ, 85 ಇಂಚಿಗೆ ಎಂಟೂವರೆಯಿಂದ ಹನ್ನೊಂದೂವರೆ ಅಡಿ ಹೊಂದುತ್ತದೆ. ಗೋದಾಮಿನ ಎತ್ತರದ ಚಾವಣಿಯ ಕೆಳಗೆ 65 ಇಂಚು ಚಿಕ್ಕದಾಗಿ ಕಾಣುತ್ತದೆ, ಮನೆಗೆ ಬಂದಾಗ ಅದೇ ಟಿವಿ ಗೋಡೆಯನ್ನೇ ತುಂಬುತ್ತದೆ. ಆದ್ದರಿಂದ ಮೊದಲೇ ಗೋಡೆಯ ಮೇಲೆ ಅಂಟುಪಟ್ಟಿಯಿಂದ ಚೌಕ ಹಾಕಿ ನೋಡುವುದು ಒಳಿತು. 65 ಇಂಚಿನ ಪರದೆ ಸುಮಾರು 57 ಇಂಚು ಅಗಲ, 32 ಇಂಚು ಎತ್ತರ. 75 ಇಂಚಿನದು 65 ಇಂಚು ಅಗಲ, 37 ಇಂಚು ಎತ್ತರ ಇರುತ್ತದೆ.

ಮೇಜಿನ ಮೇಲೆ ಇಡುವವರು ಇನ್ನೊಂದನ್ನು ಗಮನಿಸಬೇಕು. ಈಗಿನ ಬಹಳಷ್ಟು ಟಿವಿಗಳಿಗೆ ಕಾಲುಗಳು ಎರಡು ತುದಿಗಳಲ್ಲಿರುತ್ತವೆ, ನಡುವೆ ಒಂದೇ ಪೀಠ ಇರುವುದಿಲ್ಲ. ಹಾಗಾಗಿ ಮೇಜು ಟಿವಿಯಷ್ಟೇ ಅಗಲವಿರಬೇಕಾಗುತ್ತದೆ. ಎರಡು ಕಾಲುಗಳ ನಡುವಿನ ಅಂತರ ತಯಾರಕರ ವಿವರಪಟ್ಟಿಯಲ್ಲಿ ಇರುತ್ತದೆ. ಹೋಗುವ ಮೊದಲೇ ನೋಡಿಕೊಳ್ಳಿ.

ಇನ್ನು ಬೆಳಕು. ದಕ್ಷಿಣ ಅಥವಾ ಪಶ್ಚಿಮಕ್ಕೆ ದೊಡ್ಡ ಗಾಜಿನ ಬಾಗಿಲು ಇರುವ ಕೋಣೆಯಲ್ಲಿ ಹಗಲು ಹೊತ್ತು ನೋಡುವವರಿಗೆ ಬೇಕಾದದ್ದು ಪ್ರಕಾಶಮಾನವಾದ, ಪ್ರತಿಫಲನವನ್ನು ತಡೆಯುವ ಪರದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಬೇಕಾದದ್ದು ಕಪ್ಪು ಕಪ್ಪಾಗಿಯೇ ಕಾಣುವ ಪರದೆ. ಎರಡೂ ಒಂದೇ ಟಿವಿಯಲ್ಲಿ ಸಿಗುತ್ತವೆ, ಆದರೆ ಅದಕ್ಕೆ ಬೆಲೆ ತೆರಬೇಕು. ಆದ್ದರಿಂದ ನಿಮ್ಮ ಮನೆಯಲ್ಲಿ ಟಿವಿ ಯಾವ ಹೊತ್ತಿನಲ್ಲಿ ಹೆಚ್ಚು ಓಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳುವುದೇ ಹಣ ಉಳಿಸುವ ದಾರಿ.

ಪರದೆಯ ಬಗೆಗಳು, ಮತ್ತು ನಮ್ಮ ಮನೆಗಳಲ್ಲಿ ಓಡುವ ಕಾರ್ಯಕ್ರಮಗಳು

ಪೆಟ್ಟಿಗೆಯ ಮೇಲೆ ಹೆಸರು ಹಲವು ಇದ್ದರೂ ಬುಡದಲ್ಲಿ ಎರಡೇ ಜಾತಿ. ಎಲ್‌ಸಿಡಿಯಲ್ಲಿ ಹಿಂಬದಿಯಿಂದ ಎಲ್‌ಇಡಿ ದೀಪಗಳು ಬೆಳಕು ಚೆಲ್ಲುತ್ತವೆ, ಮುಂದಿನ ಪದರ ಆ ಬೆಳಕನ್ನು ಬೇಕಾದಷ್ಟು ಬಿಡುತ್ತದೆ ಅಥವಾ ತಡೆಯುತ್ತದೆ. ಓಎಲ್‌ಇಡಿಯಲ್ಲಿ ಪ್ರತಿಯೊಂದು ಬಿಂದುವೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಸ್ಯಾಮ್‌ಸಂಗ್ ಮೊದಲಾದವರು ಬಳಸುವ ಕ್ಯೂಎಲ್‌ಇಡಿ ಎಂಬ ಹೆಸರು ಓಎಲ್‌ಇಡಿಯಂತೆ ಕೇಳಿಸಿದರೂ ಅದು ಎಲ್‌ಸಿಡಿಯೇ. ಬಣ್ಣವನ್ನು ಶುದ್ಧಗೊಳಿಸುವ ಒಂದು ಸೂಕ್ಷ್ಮಕಣಗಳ ಪದರ ಅದರಲ್ಲಿ ಹೆಚ್ಚಿಗೆ ಇರುತ್ತದೆ, ಅಷ್ಟೆ. ಈ ಒಂದು ಅಕ್ಷರದ ವ್ಯತ್ಯಾಸವನ್ನು ಗಮನಿಸದೆ ಕೊಳ್ಳುವವರು ಬಹಳ ಮಂದಿ.

ಎಲ್‌ಸಿಡಿಗಳಲ್ಲಿ ಗುಣಮಟ್ಟವನ್ನು ನಿರ್ಧರಿಸುವುದು ಹಿಂದಿನ ದೀಪಗಳ ಜೋಡಣೆ. ಅಂಚಿನಲ್ಲಿ ಮಾತ್ರ ದೀಪಗಳಿರುವ ತೆಳ್ಳನೆಯ ಟಿವಿಗಳು ಅಗ್ಗವಾಗಿದ್ದರೂ ಕಪ್ಪು ಬೂದಿಯಾಗಿ ಕಾಣುತ್ತದೆ, ಮೂಲೆಗಳಲ್ಲಿ ಮೋಡ ಕವಿದಂತೆ ಬೆಳಕು ಸೋರುತ್ತದೆ. ಹಿಂಬದಿ ಪೂರ್ತಿ ದೀಪಗಳಿದ್ದು, ಅವನ್ನು ವಲಯಗಳಾಗಿ ವಿಭಾಗಿಸಿ ಬೇಕಾದಲ್ಲಿ ಮಾತ್ರ ಮಂಕಾಗಿಸುವ ವ್ಯವಸ್ಥೆ ಇದ್ದರೆ ಚಿತ್ರಕ್ಕೆ ಆಳ ಬರುತ್ತದೆ. ಮಿನಿ ಎಲ್‌ಇಡಿ ಎಂದರೆ ಇದೇ ವ್ಯವಸ್ಥೆ, ದೀಪಗಳು ಸಣ್ಣವು, ವಲಯಗಳು ನೂರಾರು ಅಥವಾ ಸಾವಿರಾರು. ಮಧ್ಯಮ ಬೆಲೆಯಲ್ಲಿ, ಬೆಳಕಿರುವ ಕೋಣೆಗೆ ನನ್ನ ಮೊದಲ ಸಲಹೆ ಮಿನಿ ಎಲ್‌ಇಡಿಯೇ.

ಓಎಲ್‌ಇಡಿಯ ಚಿತ್ರಕ್ಕೆ ಸಾಟಿಯಿಲ್ಲ. ಹಳೆಯ ಕಪ್ಪು-ಬಿಳುಪು ಕನ್ನಡ ಚಿತ್ರಗಳನ್ನು ಕತ್ತಲೆಯ ಕೋಣೆಯಲ್ಲಿ ಅದರಲ್ಲಿ ನೋಡಿದವರಿಗೆ ಬೇರೆ ಪರದೆ ರುಚಿಸುವುದು ಕಷ್ಟ. ಆದರೆ ನಮ್ಮ ಮನೆಗಳಿಗೆ ಸಂಬಂಧಪಟ್ಟ ಒಂದು ಗಂಭೀರ ಎಚ್ಚರಿಕೆ ಇದೆ. ಓಎಲ್‌ಇಡಿಯ ಬಿಂದುಗಳು ಬಳಸಿದಷ್ಟೂ ಸವೆಯುತ್ತವೆ. ಒಂದೇ ಆಕೃತಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ, ತಿಂಗಳುಗಟ್ಟಲೆ ನಿಂತರೆ ಆ ಜಾಗ ಹೆಚ್ಚು ಸವೆದು ಅಳಿಸಲಾಗದ ನೆರಳು ಉಳಿದುಬಿಡುತ್ತದೆ. ಕನ್ನಡ ಸುದ್ದಿ ವಾಹಿನಿಗಳನ್ನು ನೆನೆಸಿಕೊಳ್ಳಿ: ಕೆಳಗೆ ಕೆಂಪು ಪಟ್ಟಿ, ಮೂಲೆಯಲ್ಲಿ ಲಾಂಛನ, ಅದರ ಮೇಲೆ ಇನ್ನೊಂದು ಪಟ್ಟಿ. ಊರಿನಿಂದ ಬಂದ ಅಪ್ಪ ಅಮ್ಮ ಆರು ತಿಂಗಳು ನಮ್ಮ ಜೊತೆ ಇರುವಾಗ, ಮಕ್ಕಳೆಲ್ಲ ಕೆಲಸಕ್ಕೂ ಶಾಲೆಗೂ ಹೋದ ಮೇಲೆ, ದಿನವಿಡೀ ಅವರಿಗೆ ಜೊತೆಯಾಗಿರುವುದು ಆ ವಾಹಿನಿಗಳೇ. ಅವರ ಆ ನೆಮ್ಮದಿಗೆ ಟಿವಿಯ ನೆಪದಲ್ಲಿ ಕತ್ತರಿ ಹಾಕುವುದು ತರವಲ್ಲ. ಅಂಥ ಮನೆಗೆ ಎಲ್‌ಸಿಡಿ ಜಾತಿಯ ಟಿವಿ ಕೊಳ್ಳುವುದೇ ಸರಿಯಾದ ಉತ್ತರ. ಟಿವಿಗಳನ್ನು ಪರೀಕ್ಷಿಸಿ ವಿಮರ್ಶಿಸುವ ಕೆನಡಾದ ಆರ್‌ಟಿಂಗ್ಸ್ ಸಂಸ್ಥೆ 2022ರ ಕೊನೆಯಲ್ಲಿ ಸುಮಾರು 100 ಟಿವಿಗಳಲ್ಲಿ ಸುದ್ದಿ ವಾಹಿನಿಯ ಪ್ರಸಾರವನ್ನು ಬಹುಕಾಲ ಓಡಿಸಿ ನೋಡುವ ಪರೀಕ್ಷೆ ಆರಂಭಿಸಿತು. ಓಎಲ್‌ಇಡಿಗಳಲ್ಲಿ ಹೀಗೆ ಗುರುತು ಉಳಿದದ್ದನ್ನೂ, ಅಂಚಿನ ದೀಪದ ತೆಳು ಎಲ್‌ಸಿಡಿಗಳು ಶಾಖಕ್ಕೆ ಸೋತದ್ದನ್ನೂ ಅದು ತೋರಿಸಿತು. ಸಿನಿಮಾ, ಧಾರಾವಾಹಿ, ಆಟ ಹೀಗೆ ಬೇರೆ ಬೇರೆ ಕಾರ್ಯಕ್ರಮಗಳನ್ನು ನೋಡುವ ಮನೆಯಲ್ಲಿ ಈ ಭಯ ಬೇಕಿಲ್ಲ.

ಕ್ರಿಕೆಟ್ ನೋಡುವವರಿಗೆ ಎರಡು ಮಾತು. ಒಂದು, ಹಸಿರು ಮೈದಾನದ ಮೇಲೆ ಕ್ಯಾಮೆರಾ ಚೆಂಡನ್ನು ಹಿಂಬಾಲಿಸಿ ಸರಿಯುವಾಗ ಪರದೆಯ ಅಸಮತೆ ಎದ್ದು ಕಾಣುತ್ತದೆ. ಸಿನಿಮಾದಲ್ಲಿ ಗೊತ್ತೇ ಆಗದ ಕಲೆಗಳು, ಉದ್ದ ಗೆರೆಗಳು ಅಲ್ಲಿ ಹೊಲಸಾದ ಗಾಜಿನ ಹಿಂದೆ ಆಟ ನಡೆದಂತೆ ಕಾಣಿಸುತ್ತವೆ. ಇದು ಮಾದರಿಯ ದೋಷಕ್ಕಿಂತ ಹೆಚ್ಚಾಗಿ ಆ ಒಂದು ಟಿವಿಯ ದೋಷ. ಅದನ್ನು ಹಿಡಿಯುವುದು ಮನೆಯಲ್ಲಿಯೇ. ಎರಡು, ಭಾರತದ ಪ್ರಸಾರಗಳು ಸೆಕೆಂಡಿಗೆ 25 ಅಥವಾ 50 ಚೌಕಟ್ಟುಗಳ (ಬಿಡಿ ಚಿತ್ರಗಳ) ಲೆಕ್ಕದಲ್ಲಿ ತಯಾರಾಗುತ್ತವೆ, ಅಮೆರಿಕದ ಉಪಕರಣಗಳು 30 ಮತ್ತು 60ರ ಲೆಕ್ಕದಲ್ಲಿ ನಡೆಯುತ್ತವೆ. 50ನ್ನು 60ರೊಳಗೆ ಸೇರಿಸುವಾಗ ಚಲನೆ ಸಣ್ಣಗೆ ಎಗರಿದಂತೆ ಕಾಣುತ್ತದೆ. ಟಿವಿ ಹಳೆಯದಾಯಿತೆಂದು ಎಷ್ಟೋ ಜನ ಭಾವಿಸುವುದು ಇದನ್ನೇ. ಇದಕ್ಕೆ ಪರಿಹಾರ ದುಬಾರಿ ಟಿವಿಯಲ್ಲ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲದ ಸಂಕೇತವನ್ನು ಒಪ್ಪುವ ಟಿವಿಯೂ, ಕಾರ್ಯಕ್ರಮದ ಚೌಕಟ್ಟಿನ ವೇಗಕ್ಕೆ ತನ್ನನ್ನು ಹೊಂದಿಸಿಕೊಳ್ಳುವ ಸೌಲಭ್ಯವಿರುವ, ಅಂತರ್ಜಾಲದ ಕಾರ್ಯಕ್ರಮಗಳನ್ನು ಟಿವಿಗೆ ತರುವ ಸ್ಟ್ರೀಮಿಂಗ್ ಪೆಟ್ಟಿಗೆಯೂ ಒಟ್ಟಿಗೆ ಇದ್ದರೆ ಸಾಕು.

ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದು

4ಕೆ, ಅಂದರೆ 3840 ಅಡ್ಡ ಮತ್ತು 2160 ಉದ್ದ ಬಿಂದುಗಳು, ಈಗ ಎಲ್ಲ ದೊಡ್ಡ ಟಿವಿಗಳಲ್ಲೂ ಇರುವುದರಿಂದ ಅದರ ಬಗ್ಗೆ ಯೋಚಿಸಬೇಕಿಲ್ಲ. 8ಕೆಗೆ ಹಣ ಹಾಕುವ ಅಗತ್ಯವೂ ಇಲ್ಲ, ಅದರಲ್ಲಿ ನೋಡಲು ಹೆಚ್ಚೇನೂ ಸಿಗುವುದಿಲ್ಲ.

ಗಮನ ಕೊಡಬೇಕಾದದ್ದು ರಿಫ್ರೆಶ್ ದರಕ್ಕೆ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದಕ್ಕೆ. ಪೆಟ್ಟಿಗೆಯ ಮೇಲೆ “ಮೋಷನ್ ರೇಟ್ 120” ಎಂದೋ ಅದಕ್ಕೆ ಹೋಲುವ ಬೇರೆ ಹೆಸರೋ ಇದ್ದರೆ ಅದು ಪರದೆಯ ನಿಜವಾದ ವೇಗವಲ್ಲ. ಬಹಳ ಸಲ ಒಳಗಿರುವುದು 60 ಹರ್ಟ್ಸ್ ಪರದೆಯೇ. ತಯಾರಕರ ವಿವರಪಟ್ಟಿಯಲ್ಲಿ “ನೇಟಿವ್” ಎಂಬ ಪದದ ಮುಂದೆ 120 ಅಥವಾ ಹೆಚ್ಚು ಇದ್ದರೆ ಮಾತ್ರ ನಂಬಬೇಕು. ಸಿನಿಮಾಗಳು ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿತವಾಗಿರುತ್ತವೆ. 24ರ ಐದು ಪಟ್ಟು ಸರಿಯಾಗಿ 120 ಆಗುವುದರಿಂದ ಅಂಥ ಪರದೆಯಲ್ಲಿ ಅವು ಎಡವದೆ ಸಾಗುತ್ತವೆ. ಮನೆಯಲ್ಲಿ ಹೊಸ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇರುವ ಮಕ್ಕಳಿದ್ದರೆ 120 ಹರ್ಟ್ಸ್ ಜೊತೆಗೆ ಎಚ್‌ಡಿಎಂಐ 2.1 ಎಂಬ ಹೆಚ್ಚು ವೇಗದ ಪೋರ್ಟ್ (ತಂತಿ ಜೋಡಿಸುವ ಕಿಂಡಿ) ಕೂಡ ಬೇಕು.

ಬೆಳಕು ಕತ್ತಲೆಗಳ ಅಂತರವನ್ನು ಹೆಚ್ಚಾಗಿ ತೋರಿಸುವ ಚಿತ್ರದ ಬಗೆಯನ್ನು ಸೂಚಿಸುವ ಎಚ್‌ಡಿಆರ್ ಎಂಬ ಮುದ್ರೆ ಎಲ್ಲ ಪೆಟ್ಟಿಗೆಗಳ ಮೇಲೂ ಇರುತ್ತದೆ. ಆ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ (ನಿಟ್ ಎಂದರೆ ಪ್ರಕಾಶದ ಅಳತೆ) ಅಥವಾ ಅದಕ್ಕೂ ಹೆಚ್ಚಿನ ಪ್ರಕಾಶಕ್ಕೆ ಹೊಂದಿಸಿ ತಯಾರಿಸಿರುತ್ತಾರೆ, ಅಗ್ಗದ ಟಿವಿಗಳು 300ರ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ಸಂಕೇತವನ್ನು ಓದಬಲ್ಲವು, ತೋರಿಸಲಾರವು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆ ಇರುವುದಿಲ್ಲ, ಅವರದು ಎಚ್‌ಡಿಆರ್10+. ಇದೊಂದೇ ಕಾರಣಕ್ಕೆ ಯಾವುದನ್ನೂ ಬಿಡಬೇಕಿಲ್ಲ.

ಗೋದಾಮಿನ ಖರೀದಿಯಲ್ಲಿ ಅತ್ಯಂತ ಹೆಚ್ಚು ಗೊಂದಲ ಹುಟ್ಟಿಸುವುದು ಮಾದರಿ ಸಂಖ್ಯೆ. ತಯಾರಕರು ದೊಡ್ಡ ಮಾರಾಟಗಾರರಿಗೆ ಪ್ರತ್ಯೇಕ ಸಂಖ್ಯೆಯ ಟಿವಿಗಳನ್ನು ಕೊಡುತ್ತಾರೆ. ಎಲ್‌ಜಿಯ OLED65C4AUA ಎಂಬಂಥ ಸಂಖ್ಯೆಯನ್ನು ಬಿಡಿಸಿ ಓದಬಹುದು: ಓಎಲ್‌ಇಡಿ ಜಾತಿ, 65 ಇಂಚು, ಸಿ ಸರಣಿ, 4 ಎಂದರೆ 2024ರ ಮಾದರಿ, ಕೊನೆಯ ಮೂರು ಅಕ್ಷರಗಳು ಮಾರಾಟದ ಹಾದಿಯ ಗುರುತು; ಬೇರೆ ಅಂಗಡಿಗಳಲ್ಲಿ ಅದೇ ಟಿವಿಯ ಕೊನೆಯಲ್ಲಿ ಪಿಯುಎ ಎಂದಿರುತ್ತದೆ. ಹೀಗೆ ಬಾಲದ ಅಕ್ಷರ ಮಾತ್ರ ಬದಲಾಗಿದ್ದರೆ ಚಿತ್ರದಲ್ಲಿ ವ್ಯತ್ಯಾಸವಿರುವುದಿಲ್ಲ, ರಿಮೋಟ್ ಅಥವಾ ಕಾಲುಗಳು ಬೇರೆ ಇರಬಹುದು. ಸರಣಿಯ ಅಕ್ಷರವೋ ನಡುವಿನ ಅಂಕಿಯೋ ಬದಲಾಗಿದ್ದರೆ ಅದು ಬೇರೆಯೇ ಟಿವಿ. ಬೇರೆ ಅಂಗಡಿಯಲ್ಲಿ ನೋಡಿ ಮೆಚ್ಚಿದ ಟಿವಿಯ ತಂಗಿಯಂತೆ ಕಂಡರೂ ಪೋರ್ಟುಗಳ ಸಂಖ್ಯೆ, ರಿಫ್ರೆಶ್ ದರ, ಹಿಂಬದಿಯ ದೀಪದ ವ್ಯವಸ್ಥೆ ಕೆಳಮಟ್ಟದ್ದಾಗಿರುವ ಸಾಧ್ಯತೆ ಇರುತ್ತದೆ. ತಯಾರಕರ ಜಾಲತಾಣದಲ್ಲಿ ಎರಡೂ ಸಂಖ್ಯೆಗಳ ವಿವರಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸದೆ ಹಣ ಕೊಡಬೇಡಿ.

ಯಾವ ಸ್ಮಾರ್ಟ್ ವ್ಯವಸ್ಥೆ ಎಂಬ ಪ್ರಶ್ನೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಸೋನಿಯಲ್ಲಿ ಗೂಗಲ್ ಟಿವಿ, ಎಲ್‌ಜಿಯಲ್ಲಿ ವೆಬ್‌ಓಎಸ್, ಸ್ಯಾಮ್‌ಸಂಗ್‌ನಲ್ಲಿ ಟೈಝೆನ್ ಇರುತ್ತದೆ. ಕನ್ನಡ ಕಾರ್ಯಕ್ರಮಗಳ ಎಲ್ಲ ಆ್ಯಪ್‌ಗಳೂ ಎಲ್ಲದರಲ್ಲೂ ಇರುವುದಿಲ್ಲ. ನಿಮಗೆ ಬೇಕಾದ ಆ್ಯಪ್ ಇಲ್ಲದಿದ್ದರೆ ಒಂದು ಸಣ್ಣ ಸ್ಟ್ರೀಮಿಂಗ್ ಕಡ್ಡಿ ಆ ಕೊರತೆಯನ್ನು ನೀಗಿಸುತ್ತದೆ. ಪರದೆಯ ಕೊರತೆಯನ್ನು ನೀಗಿಸುವ ಕಡ್ಡಿ ಯಾವುದೂ ಇಲ್ಲ.

ಗೋದಾಮಿನಲ್ಲಿ

ಇಷ್ಟು ತಯಾರಿಯಾದ ಮೇಲೆ ಎರಡು ಅಥವಾ ಮೂರು ಮಾದರಿ ಸಂಖ್ಯೆಗಳನ್ನು ಬರೆದುಕೊಂಡು ಹೋಗಿ. ಅಲ್ಲಿ ಓಡುತ್ತಿರುವ ಚಿತ್ರ ಪ್ರದರ್ಶನಕ್ಕೆಂದೇ ಮಾಡಿದ್ದು, ಬಣ್ಣ ಅತಿಯಾಗಿ ಏರಿಸಿದ್ದು. ಮೇಲಿನ ದೀಪಗಳ ಬೆಳಕಿನಲ್ಲಿ ಕಪ್ಪಿನ ಆಳ ತಿಳಿಯುವುದೇ ಇಲ್ಲ. ಹಾಗಾಗಿ ಅಲ್ಲಿ ಪರೀಕ್ಷಿಸಬಹುದಾದದ್ದು ಕೆಲವೇ ಸಂಗತಿಗಳು. ಪಕ್ಕಕ್ಕೆ ಸರಿದು ನಿಂತು ಓರೆಯಿಂದ ನೋಡಿ, ಬಣ್ಣ ಪೇಲವವಾಗುವುದೇ ಎಂದು ಗಮನಿಸಿ. ಹಬ್ಬದ ದಿನ ಹತ್ತು ಜನ ಸೇರುವ ಕೋಣೆಯಲ್ಲಿ ಇದು ಮುಖ್ಯವಾಗುತ್ತದೆ. ಮೇಲಿನ ದೀಪಗಳು ಪರದೆಯಲ್ಲಿ ಹೇಗೆ ಪ್ರತಿಫಲಿಸುತ್ತವೆ ಎಂದು ನೋಡಿ. ಕಾಲುಗಳ ಅಂತರವನ್ನೂ ಹಿಂಬದಿಯ ಪೋರ್ಟುಗಳ ಜಾಗವನ್ನೂ ನೋಡಿ.

ಬೆಲೆ ಚೀಟಿಯನ್ನೂ ಓದಲು ಕಲಿಯಬೇಕು. ಕಂಪನಿ ಇದನ್ನು ನಿಯಮವಾಗಿ ಪ್ರಕಟಿಸಿಲ್ಲವಾದರೂ, ಬೆಲೆಯ ಕೊನೆಯಲ್ಲಿ 99 ಸೆಂಟ್ ಇದ್ದರೆ ಸಾಮಾನ್ಯ ದರ, 97 ಇದ್ದರೆ ಆ ಗೋದಾಮು ಇಳಿಸಿದ ದರ, ಚೀಟಿಯ ಬಲ ಮೇಲ್ಮೂಲೆಯಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಆ ಸರಕು ಮತ್ತೆ ಬರುವುದಿಲ್ಲ ಎಂಬುದು ನಿತ್ಯದ ಗ್ರಾಹಕರು ಕಂಡುಕೊಂಡ ಕ್ರಮ. ಹೊಸ ಮಾದರಿಗಳು ಜನವರಿಯ ಲಾಸ್ ವೇಗಸ್ ಪ್ರದರ್ಶನದಲ್ಲಿ ಘೋಷಣೆಯಾಗಿ ವಸಂತದಲ್ಲಿ ಅಂಗಡಿಗೆ ಬರುತ್ತವೆ, ಆಗ ಹಿಂದಿನ ವರ್ಷದವು ಇಳಿಯುತ್ತವೆ. ನವೆಂಬರಿನ ಬ್ಲ್ಯಾಕ್ ಫ್ರೈಡೆ ಮತ್ತು ಫೆಬ್ರುವರಿಯ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯಕ್ಕೆ ಮುಂಚಿನ ವಾರಗಳು ಇನ್ನೆರಡು ಒಳ್ಳೆಯ ಕಾಲ. ಒಂದು ವರ್ಷ ಹಳೆಯದಾದ ಮೇಲ್ದರ್ಜೆಯ ಟಿವಿ, ಅದೇ ಬೆಲೆಯ ಹೊಸ ಕೆಳದರ್ಜೆಯ ಟಿವಿಗಿಂತ ಹೆಚ್ಚುಕಡಿಮೆ ಯಾವಾಗಲೂ ಉತ್ತಮ. ಚೀಟಿಯ ಮೇಲಿನ ಬೆಲೆಗೆ ರಾಜ್ಯದ ಮಾರಾಟ ತೆರಿಗೆ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪರದೆಯ ಅಳತೆಗೆ ತಕ್ಕಂತೆ ಮರುಬಳಕೆ ಶುಲ್ಕವೂ ಇದೆ.

ಕಾರಿನಲ್ಲಿ ತರುವುದಾದರೆ ಪೆಟ್ಟಿಗೆಯ ಅಳತೆಯನ್ನು ಮೊದಲೇ ನೋಡಿ, ಟಿವಿಯ ಅಳತೆಯನ್ನಲ್ಲ. ಪೆಟ್ಟಿಗೆ ಎಲ್ಲ ಕಡೆಯೂ ಕೆಲವು ಇಂಚು ಹೆಚ್ಚಿರುತ್ತದೆ. ಅದನ್ನು ನಿಲ್ಲಿಸಿಯೇ ತರಬೇಕು. ಮಲಗಿಸಿದರೆ ದಾರಿಯ ಕುಲುಕಾಟಕ್ಕೆ ನಡುವಿನ ಗಾಜು ಬಾಗಿ ಬಿರುಕು ಬಿಡಬಹುದು, ಓಎಲ್‌ಇಡಿಯಲ್ಲಂತೂ ಈ ಅಪಾಯ ಇನ್ನೂ ಹೆಚ್ಚು. ವಾಹನದಲ್ಲಿ ನಿಲ್ಲಿಸಲು ಆಗದಿದ್ದರೆ ಮನೆಗೆ ತಲುಪಿಸುವ ಆಯ್ಕೆಯನ್ನು ಬಳಸಿಕೊಳ್ಳಿ.

ಮನೆಗೆ ಬಂದ ಮೇಲಿನ 90 ದಿನ

ಪೆಟ್ಟಿಗೆಯನ್ನೂ ಒಳಗಿನ ಥರ್ಮೋಕೋಲನ್ನೂ ಈ ಅವಧಿ ಮುಗಿಯುವವರೆಗೆ ಎಸೆಯಬೇಡಿ. ಕ್ರಮಸಂಖ್ಯೆಯ ಚೀಟಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಗೋಡೆಗೆ ಏರಿಸುವ ಮೊದಲು ಒಂದು ವಾರವಾದರೂ ಮೇಜಿನ ಮೇಲೆಯೇ ಇಟ್ಟು ನೋಡುವುದು ಒಳ್ಳೆಯದು, ಏಕೆಂದರೆ ದೋಷ ಕಂಡಾಗ ಗೋಡೆಯಿಂದ ಇಳಿಸುವ ಕೆಲಸವೇ ಎಷ್ಟೋ ಜನರನ್ನು ಸುಮ್ಮನಾಗಿಸುತ್ತದೆ.

ಮೊದಲ ದಿನವೇ ಚಿತ್ರದ ಬಗೆಯನ್ನು “ವಿವಿಡ್”ನಿಂದ ತೆಗೆದು “ಸಿನಿಮಾ” ಅಥವಾ “ಫಿಲ್ಮ್‌ಮೇಕರ್” ಬಗೆಗೆ ಬದಲಿಸಿ. ಮೊದಲು ಹಳದಿಯಾಗಿ ಕಾಣುತ್ತದೆ. ಕೆಲವು ದಿನ ತಾಳಿಕೊಂಡರೆ ಚರ್ಮದ ಬಣ್ಣ ಸಹಜವಾಗಿ ಕಾಣತೊಡಗುತ್ತದೆ. ಸಿನಿಮಾವನ್ನು ಧಾರಾವಾಹಿಯಂತೆ ನುಣುಪಾಗಿಸುವ ಚಲನೆಯ ಸೌಲಭ್ಯವನ್ನು ನಿಲ್ಲಿಸಿಬಿಡಿ. ಹಳೆಯ ಕನ್ನಡ ಚಿತ್ರಗಳು 4:3 ಆಕಾರದಲ್ಲಿದ್ದರೆ ಎಡಬಲದ ಕಪ್ಪು ಪಟ್ಟಿಗಳನ್ನು ಹಾಗೆಯೇ ಬಿಡಿ. ಹಿಗ್ಗಿಸಿ ತುಂಬಿಸಿದರೆ ನಟರ ಮುಖ ಅಗಲವಾಗುತ್ತದೆ, ಛಾಯಾಗ್ರಾಹಕರು ಕಟ್ಟಿದ ಚೌಕಟ್ಟು ಹಾಳಾಗುತ್ತದೆ.

ಅದೇ ದಿನ ನೋಡುವವರ ಮಾಹಿತಿ ಸಂಗ್ರಹಿಸುವ ಸೌಲಭ್ಯವನ್ನೂ ನಿಲ್ಲಿಸಬೇಕು. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ಕಂಪನಿಗೆ ಕಳುಹಿಸುವ ತಂತ್ರ ಬಹುತೇಕ ಸ್ಮಾರ್ಟ್ ಟಿವಿಗಳಲ್ಲಿದೆ. ಒಪ್ಪಿಗೆ ಪಡೆಯದೆ ಹೀಗೆ ಸಂಗ್ರಹಿಸಿದ ಆರೋಪದಲ್ಲಿ ವಿಝಿಯೋ ಕಂಪನಿ 2017ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಂದಿಗಿನ ಒಪ್ಪಂದದಂತೆ 22 ಲಕ್ಷ ಡಾಲರ್ ತೆತ್ತಿತು. ಈಗ ಆರಂಭದಲ್ಲಿಯೇ ಒಪ್ಪಿಗೆ ಕೇಳುತ್ತಾರೆ. ಓದದೆ “ಸರಿ” ಒತ್ತಬೇಡಿ.

ಪರೀಕ್ಷೆಗೆ ಯೂಟ್ಯೂಬಿನಲ್ಲಿ ಸಿಗುವ ಬೂದು, ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳ ಖಾಲಿ ಪರದೆಯ ವಿಡಿಯೊಗಳು ಸಾಕು. ಬಣ್ಣದ ಪರದೆಗಳಲ್ಲಿ ಸತ್ತ ಬಿಂದುಗಳು ಕಾಣುತ್ತವೆ, ಕತ್ತಲೆಯ ಕೋಣೆಯಲ್ಲಿ ಕಪ್ಪು ಪರದೆ ಇಟ್ಟರೆ ಬೆಳಕಿನ ಸೋರಿಕೆ ಕಾಣುತ್ತದೆ, ಬೂದು ಪರದೆಯಲ್ಲಿ ಅಸಮತೆ ಕಾಣುತ್ತದೆ. ಆನಂತರ ಒಂದು ಪೂರ್ತಿ ಕ್ರಿಕೆಟ್ ಪಂದ್ಯ, ರಾತ್ರಿಯ ದೃಶ್ಯಗಳು ಹೆಚ್ಚಿರುವ ಒಂದು ಸಿನಿಮಾ, ನಿಮ್ಮ ಮನೆಯವರು ನಿತ್ಯ ನೋಡುವ ಧಾರಾವಾಹಿ ಇಷ್ಟನ್ನು ನೋಡಿ. ಪರೀಕ್ಷೆಯ ಪರದೆಯಲ್ಲಿ ಮಾತ್ರ ಕಾಣುವ ಸಣ್ಣ ಅಸಮತೆಯನ್ನು ಬಿಟ್ಟುಬಿಡಬಹುದು. ಪಂದ್ಯದಲ್ಲಿ ಕಣ್ಣಿಗೆ ಚುಚ್ಚುವುದನ್ನು ಬಿಡಬೇಡಿ. ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಅದು ತೆಳ್ಳನೆಯ ಟಿವಿಗಳೆಲ್ಲದರ ಕೊರತೆ. ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್‌ಬಾರ್‌ಗೆಂದು ಸ್ವಲ್ಪ ಹಣವನ್ನು ಮೊದಲೇ ತೆಗೆದಿಡುವುದು ಸರಿ, ವಿಶೇಷವಾಗಿ ಮನೆಯಲ್ಲಿ ಹಿರಿಯರಿದ್ದರೆ.

ಗೋಡೆಗೆ ಹಾಕುವಾಗ ಊರಿನ ಇಟ್ಟಿಗೆ ಗೋಡೆಯ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಅಮೆರಿಕದ ಬಹುತೇಕ ಮನೆಗಳ ಒಳಗೋಡೆ ಮರದ ಕಂಬಗಳ ಮೇಲೆ ಹೊದಿಸಿದ ಜಿಪ್ಸಮ್ ಹಲಗೆ. ಆ ಹಲಗೆ ಟಿವಿಯ ಭಾರವನ್ನು ತಡೆಯುವುದಿಲ್ಲ. ಸಾಮಾನ್ಯವಾಗಿ 16 ಇಂಚಿಗೆ ಒಂದರಂತೆ ಇರುವ ಒಳಗಿನ ಕಂಬವನ್ನು ಹುಡುಕಿ ಅದರೊಳಗೇ ತಿರುಪು ಹೋಗಬೇಕು. ಬಾಡಿಗೆ ಮನೆಯವರು ಮೊದಲು ಕರಾರುಪತ್ರ ಓದಬೇಕು. ಬೆಂಕಿಗೂಡಿನ ಮೇಲಿನ ಜಾಗ ಆಕರ್ಷಕವಾಗಿ ಕಂಡರೂ ಕುತ್ತಿಗೆಗೂ ಟಿವಿಗೂ ಒಳ್ಳೆಯದಲ್ಲ. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಮೇಜಿನ ಮೇಲಿನ ಟಿವಿಯನ್ನು ಬೀಳದಂತೆ ತಡೆಯುವ ಪಟ್ಟಿಯಿಂದ ಗೋಡೆಗೆ ಕಟ್ಟುವುದು ಕಡ್ಡಾಯವೆಂದೇ ತಿಳಿಯಬೇಕು.

ಮುಂದೆ ಊರಿಗೆ ಮರಳುವಾಗ ಇದನ್ನೇ ಒಯ್ಯಬಹುದೆಂದು ದೊಡ್ಡ ಟಿವಿ ಕೊಳ್ಳುವ ಯೋಚನೆ ಇದ್ದರೆ ಬಿಡಿ. 2013ರ ಆಗಸ್ಟ್ 26ರಿಂದ ಭಾರತ ಸರ್ಕಾರ ಪ್ರಯಾಣಿಕರು ತರುವ ಚಪ್ಪಟೆ ಟಿವಿಗಳನ್ನು ಸುಂಕರಹಿತ ಸಾಮಾನಿನಿಂದ ಹೊರಗಿಟ್ಟಿತು. ಅಮೆರಿಕದ ಟಿವಿಯ ಟ್ಯೂನರ್ ಅಲ್ಲಿನ ಪ್ರಸಾರಕ್ಕೆ ಹೊಂದುವುದಿಲ್ಲ, ಕೆಲವು ಮಾದರಿಗಳು 220 ವೋಲ್ಟಿಗೆ ನಡೆಯುವುದಿಲ್ಲ, ಇಲ್ಲಿನ ವಾರಂಟಿ ಅಲ್ಲಿ ಲೆಕ್ಕಕ್ಕಿಲ್ಲ.

ದೋಷ ಕಂಡು ಹಿಂದಿರುಗಿಸಬೇಕಾದರೆ ಎಪ್ಪತ್ತೈದನೆಯ ದಿನದ ಹೊತ್ತಿಗೆ ತೀರ್ಮಾನ ಆಗಿರಲಿ. ಕೊನೆಯ ವಾರದಲ್ಲಿ ಕಾರು, ಜೊತೆಗಾರ, ಬಿಡುವು ಮೂರೂ ಒಟ್ಟಿಗೆ ಸಿಗುವುದು ಕಷ್ಟ. ರಿಮೋಟ್, ಕಾಲುಗಳು, ತಿರುಪುಗಳು, ವಿದ್ಯುತ್ ತಂತಿ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಇಟ್ಟು, ಟಿವಿಯಿಂದ ನಿಮ್ಮ ಖಾತೆಗಳನ್ನೆಲ್ಲ ಅಳಿಸಿ, ಸದಸ್ಯತ್ವದ ಕಾರ್ಡಿನೊಂದಿಗೆ ಗೋದಾಮಿನ ಹಿಂದಿರುಗಿಸುವ ಕೌಂಟರಿಗೆ ಹೋಗಿ. ರಸೀದಿ ಕಳೆದಿದ್ದರೂ ಖರೀದಿಯ ದಾಖಲೆ ಸದಸ್ಯತ್ವದ ಖಾತೆಯಲ್ಲಿಯೇ ಇರುತ್ತದೆ. 90 ದಿನ ದಾಟಿದ ಮೇಲೆ ಕೆಟ್ಟರೆ ಕೌಂಟರಿಗೆ ಹೋಗದೆ ಮೊದಲು ಅವರ ತಾಂತ್ರಿಕ ನೆರವಿನ ವಿಭಾಗಕ್ಕೆ ಫೋನ್ ಮಾಡಿ. ಮೊದಲ ವರ್ಷವಾದರೆ ತಯಾರಕರ ಮೂಲಕ, ಎರಡನೆಯ ವರ್ಷವಾದರೆ ಕಾಸ್ಟ್‌ಕೋದ ವಾರಂಟಿಯ ಮೂಲಕ ದುರಸ್ತಿಯ ಹಾದಿಯನ್ನು ಅವರೇ ತಿಳಿಸುತ್ತಾರೆ.